ಮೇಣ ಒಣಗದ ಬಂದೂಕ

ನಮ್ಮ ಸೋದರಮಾವನಂಥ ಬೇಟೆಗಾರ ಇಡೀ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ಇರಲಿಲ್ಲ ಎಂದರೆ ನೀವು ನಂಬಲೇಬೇಕು. ಆದರೆ ಅವರು ಬೇಟೆಯಾಡುತ್ತಿದ್ದದ್ದು ತುಕ್ಕನ್ನು! ತುಕ್ಕು ಬಿಟ್ಟರೆ ಬೇರೆ ಯಾವ ಪ್ರಾಣಿಯೂ ಅವರ ಬಂದೂಕಕ್ಕೆ ಹೆದರಿದ್ದನ್ನು ನಾನಂತೂ ಕಂಡಿಲ್ಲ.

ಅದು ತಾತನ ಕಾಲದ ಒಂಟಿ ನಳಿಗೆಯ ಬಂದೂಕ. ತೂಬಗೆರೆ ಹತ್ತಿರ, ಮನೆಯ ಪಕ್ಕದಲ್ಲೇ, ಮಾವನದೊಂದು ಕಡಲೆಕಾಯಿ ಹೊಲವಿತ್ತು. ಕಾಯಿ ಬಲಿಯುವ ಹೊತ್ತಿಗೆ ಕೋತಿಗಳ ಹಿಂಡು ಬಂದು ಗಿಡ ಕೀಳುತ್ತಿತ್ತು. ಗಾಳಿಯಲ್ಲಿ ಒಂದು ಢಂ ಅನ್ನಿಸಿ ಬೆಳೆ ಕಾಯಲಿ ಎಂದು ಸರ್ಕಾರ ಲೈಸೆನ್ಸ್ ಕೊಟ್ಟಿತ್ತು. ನಮ್ಮ ಮಾವ ಬೆಳೆಯನ್ನು ಕೋತಿಗಳಿಗೆ ವಹಿಸಿ ತಾವು ಬಂದೂಕ ಕಾಯುತ್ತಾ ಕೂತರು.

ಅರವತ್ತರ ದಶಕದ ಕೊನೆಯಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಆಫೀಸಿಗೆ ಗುಮಾಸ್ತನಾಗಿ ಸೇರಿದ್ದೆ. ಮದುವೆಯಾಗಿರಲಿಲ್ಲ, ಹೋಟೆಲ್ ಊಟ ಸೇರುತ್ತಿರಲಿಲ್ಲ. ಹಾಗಾಗಿ ಶನಿವಾರ ಸಂಜೆಯೇ ಬಸ್ಸು ಹತ್ತಿ ಅತ್ತೆಯ ಕೈಯ ಮುದ್ದೆ ಸಾರಿಗೆ ಹಾಜರಾಗುತ್ತಿದ್ದೆ. ಭಾನುವಾರ ಬೆಳಿಗ್ಗೆ ಎದ್ದರೆ ಜಗಲಿಯ ಮೇಲೆ ಬಂದೂಕದ ಸೇವೆ ಶುರುವಾಗಿರುತ್ತಿತ್ತು. ಮಾವ ಸ್ನಾನ ಮಾಡಿ, ತೊಡೆಯ ಮೇಲೆ ಹಳೆ ಪಂಚೆ ಹಾಸಿ, ಅದರ ಮೇಲೆ ಬಂದೂಕ ಮಲಗಿಸಿಕೊಂಡು ಕೂತಿರುತ್ತಿದ್ದರು. ಪಕ್ಕದಲ್ಲಿ ಮೇಣದ ಡಬ್ಬಿ.

ಆ ಮೇಣವೇನು ಅಂಗಡಿಯ ಸರಕೆ? ನಲ್ಲೂರಿನ ಹುಣಸೆ ತೋಪಿನಿಂದ ಜೇನು ತರುವವರು ಬಂದರೆ ಊರೆಲ್ಲ ತುಪ್ಪಕ್ಕೆ ಮುಗಿಬೀಳುತ್ತಿತ್ತು. ಮಾವ ಮಾತ್ರ ಹಿಂಡಿ ಬಿಸಾಕಿದ ತಟ್ಟಿಗೆ ಕೈಯೊಡ್ಡುತ್ತಿದ್ದರು. ಅದನ್ನು ಕರಗಿಸಿ, ಸೋಸಿ, ಟರ್ಪೆಂಟೈನ್ ಬೆರೆಸಿ ಬೆಣ್ಣೆಯ ಹದಕ್ಕೆ ತರುತ್ತಿದ್ದರು. ಬಟ್ಟಲನ್ನು ಬಿಸಿನೀರಿನಲ್ಲೇ ಇಟ್ಟು ಕರಗಿಸಬೇಕು, ಒಲೆಯ ಮೇಲಿಟ್ಟರೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ಈ ಜ್ಞಾನ ಅವರಿಗೆ ಬಂದದ್ದು ಎಡಗಡೆಯ ಮೀಸೆ ಹೋದ ಮೇಲೆ! ಕ್ಷೌರಿಕ, "ಬಲಗಡೆದೂ ತೆಗೆದ್ಬಿಡ್ಲಾ ಯಜಮಾನ್ರೇ?" ಎಂದು ಕೇಳಿದ್ದಕ್ಕೆ, "ಅದೇನ್ ತಪ್ಪು ಮಾಡೈತೆ, ಪಾಪ?" ಎಂದರಂತೆ. ಎಡಗಡೆಯದು ಚಿಗುರುವವರೆಗೂ ಅರ್ಧ ಮೀಸೆಯಲ್ಲೇ ಊರು ಸುತ್ತಿದರು.

ಬಟ್ಟಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ಅದು ಅತ್ತೆ ಒಗ್ಗರಣೆಗೆ ಇಟ್ಟುಕೊಂಡಿದ್ದ ಬಟ್ಟಲು. ಒಂದು ಭಾನುವಾರ ಅವರೆಕಾಳು ಸಾರಿನಿಂದ ಹೊಸದಾಗಿ ಬಣ್ಣ ಬಳಿದ ಬಾಗಿಲಿನ ವಾಸನೆ ಬಂತು. ಉಂಡ ಮನೆಯಲ್ಲಿ ಏನೆಂದು ಹೇಳಲಿ? "ಹೊಸ ಮಸಾಲೆನಾ ಅತ್ತೆ?" ಎಂದೆ. ಅತ್ತೆ ಸೌಟು ಹಿಡಿದೇ ಜಗಲಿಗೆ ಹೋದರು. ಅಲ್ಲಿ ನಡೆದ ಮಾತುಕತೆಯನ್ನು ಬರೆಯುವುದು ನನ್ನ ಮರ್ಯಾದೆಗೂ ಒಳ್ಳೆಯದಲ್ಲ.

ಮೇಣ ಹಚ್ಚುವುದಕ್ಕೂ ಒಂದು ಶಾಸ್ತ್ರವಿತ್ತು. ಉಗುರಿನಷ್ಟು ಮೇಣ ಬಟ್ಟೆಗೆ ಅಂಟಿಸಿಕೊಂಡು, ಮರದ ಹಿಡಿಗೂ ಕಬ್ಬಿಣದ ನಳಿಗೆಗೂ ತೆಳ್ಳಗೆ ಸವರಬೇಕು. ಬೆಳ್ಳಗೆ ಮಬ್ಬು ಕಟ್ಟುವವರೆಗೂ ಕಾಯಬೇಕು. ಆಮೇಲೆ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರೆ ಮುಖ ಕಾಣಬೇಕು. ಬರಿಗೈಯಲ್ಲಿ ಮುಟ್ಟಿದಿರೋ, ಕೆಟ್ಟಿರಿ!

"ಬೆವರಲ್ಲಿ ಉಪ್ಪಿರ್ತದೆ ಕಣೋ, ಉಪ್ಪು! ನೀನಿವತ್ತು ಬೆರಳಿಟ್ರೆ ನಾಳೆ ಅಲ್ಲೇ ತುಕ್ಕು ಹುಟ್ತದೆ. ಗುಮಾಸ್ತನ ಕೈ ಬೇರೆ!"

ಗುಮಾಸ್ತನ ಬೆವರಿನಲ್ಲಿ ಉಪ್ಪು ಜಾಸ್ತಿ ಎಂದು ಅವರಿಗೆ ಯಾರು ಹೇಳಿದ್ದರೋ! ಆಯುಧಪೂಜೆಯ ದಿನ ಅತ್ತೆ ನೀರಲ್ಲಿ ಕಲಸಿದ ಅರಿಸಿನ ಕುಂಕುಮ ಇಟ್ಟರೆ ನಳಿಗೆಯ ಮೇಲೆ ನಿಲ್ಲದೆ ಹನಿಹನಿಯಾಗಿ ಜಾರಿ ನೆಲಕ್ಕೆ ಬೀಳುತ್ತಿತ್ತು.

"ನೋಡಪ್ಪಾ, ದೇವ್ರಿಗೂ ಜಾಗ ಇಲ್ದಂಗ್ ಮಾಡವ್ರೆ ನಿಮ್ಮಾವ" ಎಂದು ಅತ್ತೆ ಗೊಣಗಿದರೆ, "ಕುಂಕುಮನೇ ನಿಲ್ಲಲ್ಲ ಅಂದ್ಮೇಲೆ ಮಳೆ ನಿಂತದಾ?" ಎಂದು ಮಾವ ಹಿಗ್ಗುತ್ತಿದ್ದರು.

ಇಂಥ ಬಂದೂಕವನ್ನು ಹಾರಿಸುವುದುಂಟೆ? ಹಟ್ಟಹಗಲಿನಲ್ಲೇ ಕೋತಿಗಳು ಹೊಲಕ್ಕೆ ಇಳಿಯುತ್ತಿದ್ದವು. ಅತ್ತೆ ಹಿತ್ತಲಿನಿಂದ ಕೂಗುತ್ತಿದ್ದರು: "ಬಂದ್ವು ನೋಡ್ರೀ! ಒಂದ್ ಸಲ ಹಾರ್ಸಬಾರ್ದಾ?"

"ಮೇಣ ಇನ್ನೂ ಒಣಗಿಲ್ಲ ಕಣೇ!"

ಒಣಗಿದ ದಿನ "ಈಗ ತಾನೆ ಉಜ್ಜಿದೀನಿ" ಎನ್ನುತ್ತಿದ್ದರು. ಕೊನೆಗೆ ಅತ್ತೆಯೇ ಸೆರಗು ಬಿಗಿದು, ಸೀಮೆಎಣ್ಣೆ ಡಬ್ಬ ಬಡಿಯುತ್ತಾ ಹೊಲಕ್ಕೆ ಓಡುತ್ತಿದ್ದರು. ಜಗಲಿಯಿಂದ ಮಾವ, "ಎಡಗಡೆ! ಎಡಗಡೆ ಎರಡವೆ!" ಎಂದು ದಾರಿ ತೋರಿಸುತ್ತಿದ್ದರು.

ಹೀಗಿರುವಾಗ ಒಂದು ವರ್ಷ ಲೈಸೆನ್ಸ್ ನವೀಕರಿಸುವ ಕಚೇರಿಗೆ ಹೊಸ ಸಾಹೇಬರು ಬಂದರು. ಬಂದೂಕ ತಂದು ತೋರಿಸಲೇಬೇಕು ಎಂದರು. ಮಾವ ಅದನ್ನು ಪಂಚೆಯಲ್ಲಿ ಸುತ್ತಿ ಎದೆಗವಚಿಕೊಂಡು ಹೊರಟರು. ಸೀರೆ ಕೊಳ್ಳುವುದಿದೆ ಎಂದು ಅತ್ತೆಯೂ ಜೊತೆಗೆ ಬಂದರು. ಕಾಗದಪತ್ರ ನೋಡಿಕೊಳ್ಳಲು ನಾನು.

ಸಾಹೇಬರು ಬಂದೂಕ ನೋಡಿದರು, ಮೂಸಿದರು. ಆಮೇಲೆ ಕಾಡತೂಸಿನ ಲೆಕ್ಕ ಕೇಳಿದರು. ಮಾವ ಹೆಮ್ಮೆಯಿಂದ ಗಂಟು ಬಿಚ್ಚಿದರು. ವರ್ಷಗಳ ಹಿಂದೆ ಕೊಂಡ ಹತ್ತಕ್ಕೆ ಹತ್ತೂ ಇದ್ದವು. ಅವುಗಳ ಹಿತ್ತಾಳೆಗೂ ಮೇಣ!

"ಒಂದೂ ಹಾರಿಸಿಲ್ವೇನ್ರೀ?"

"ಇಲ್ಲ ಸಾಮಿ. ಎಲ್ಲಾ ಹೊಸಾವಂಗೇ ಅವೆ."

"ಬೆಳೆ ಕಾಯೋಕೆ ಅಂತ ಕೊಟ್ಟ ಲೈಸೆನ್ಸು. ಹಾರಿಸದೇ ಇದ್ದ ಮೇಲೆ ನಿಮಗೆ ಬಂದೂಕ ಯಾಕೆ? ರದ್ದು ಮಾಡ್ತೀನಿ. ಇಲ್ಲೇ ಒಪ್ಪಿಸಿ ಹೋಗಿ."

ಮಾವನ ಮುಖ ನೋಡಲಾಗಲಿಲ್ಲ. ಜೇಬಿನಿಂದ ಮೇಣದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ಒಳಗಡೆ ಕೋಣೆ ಸೋರ್ತದಾ ಸಾಮಿ? ಇದನ್ನ ಜೊತೇಲಿ ಮಡಿಕ್ಕಳಿ. ವಾರಕ್ಕೊಂದ್ ಸಲ, ತೆಳ್ಳಗೆ..." ವರ್ಷವಿಡೀ ಅವರನ್ನು ಆಡಿಕೊಂಡು ನಗುತ್ತಿದ್ದ ನನಗೆ ಆವತ್ತು ನಗು ಬರಲಿಲ್ಲ.

ಆಗ ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಬಂದರು. ನಮ್ಮತ್ತೆ ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

"ಹಾರ್ಸೋದೇನ್ ಬೇಕು ಸಾಮಿ? ಇವ್ರು ಇದನ್ನ ಹಿಡ್ಕೊಂಡು ಜಗಲಿ ಮೇಲೆ ಕೂತ್ರೆ ಬಿಸ್ಲಿಗೆ ಪಳಪಳ ಅಂತದೆ. ಅಲ್ಲಿಂದ್ಲೇ ನೋಡಿ ಕೋತಿಗಳು ಓಟ ಕೀಳ್ತವೆ. ನಮ್ ಹೊಲ್ದಾಗೆ ಒಂದ್ ಕಡಲೆಕಾಯೂ ಹೋಗಿಲ್ಲ. ಸುಮ್ನೆ ಗುಂಡ್ಯಾಕೆ ದಂಡ?"

ಅದೇ ವಾರ ಅರ್ಧ ಹೊಲ ಕೋತಿಗಳ ಹೊಟ್ಟೆ ಸೇರಿತ್ತು! ಸಾಹೇಬರು ನನ್ನ ಕಡೆ ತಿರುಗಿ "ನಿಜಾನೇನ್ರೀ?" ಎಂದರು. ನಾನೂ ಸರ್ಕಾರಿ ನೌಕರ. ಗಂಭೀರವಾಗಿ ತಲೆಯಾಡಿಸಿದೆ. ಸಾಹೇಬರು ಬಂದೂಕವನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದರು, ಅದರಲ್ಲಿ ತಮ್ಮ ಮುಖ ಕಂಡು ನಕ್ಕುಬಿಟ್ಟರು. ಮೊಹರು ಬಿತ್ತು.

ವಾಪಸು ಬಸ್ಸು ಹತ್ತುವಾಗ ಅತ್ತೆ ಮುಂದೆ, ಮಾವ ಹಿಂದೆ. ಮೇಲಿನ ಮೆಟ್ಟಿಲಿಗೆ ಅತ್ತೆ ಕಾಲಿಟ್ಟಾಗ ಅವರ ಹಿಮ್ಮಡಿ ಮಾವನ ಕಣ್ಣಿಗೆ ನೇರ ಬಿತ್ತು. ಬರಿಗಾಲಲ್ಲಿ ಹೊಲ ಸುತ್ತಿ ಸುತ್ತಿ ಉಗುರು ತೂರುವಷ್ಟು ಒಡೆದಿತ್ತು. ಒಂದು ಸೀಳಿನಲ್ಲಿ ರಕ್ತ ಒಣಗಿತ್ತು.

ಮಾರನೆಯ ದಿನ ಭಾನುವಾರ. ನಾನು ಏಳುವ ಹೊತ್ತಿಗೆ ಮಾವ ಟರ್ಪೆಂಟೈನ್ ಬಿಟ್ಟು, ಬರೀ ಹರಳೆಣ್ಣೆಯಲ್ಲಿ ಮೇಣ ಕರಗಿಸುತ್ತಿದ್ದರು. ಬಂದೂಕ ಗೋಡೆಗೊರಗಿತ್ತು. ಹಳೆ ಪಂಚೆ ಹಾಸಿದ ತೊಡೆಯ ಮೇಲೆ ಅತ್ತೆಯ ಪಾದ ಎಳೆದುಕೊಂಡರು. ಅತ್ತೆಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆ.

"ಅಯ್ಯೋ, ಬುಡ್ರೀ! ಗಂಡ್ಸು ನೀವು, ನನ್ ಕಾಲ್ ಮುಟ್ಟೋದಾ? ಊರೋರ್ ನೋಡಿದ್ರೆ ಏನಂತಾರೆ!"

ಮಾವ ಬಿಡಲಿಲ್ಲ. ಬಟ್ಟೆಯನ್ನೂ ತೆಗೆದುಕೊಳ್ಳಲಿಲ್ಲ. ಬರಿಬೆರಳಿನಲ್ಲೇ ಒಂದೊಂದು ಸೀಳಿಗೂ ಮೇಣ ತುಂಬುತ್ತಾ, ತಲೆ ಎತ್ತದೆ ಹೇಳಿದರು: "ನಾನು ನೋಡೇ ಇರ್ಲಿಲ್ಲ ಕಣೇ."