ಕಾಕಾನ ಚಿರೂಟು, ನನ್ನ ಹೊಟ್ಟೆಯುರಿ

ಬರೀ ಹೊಗೆ ಬಿಟ್ಟುಕೊಂಡೇ ದೊಡ್ಡ ಮನುಷ್ಯನಾದವನು, ನಾನು ಕಂಡಂತೆ, ನಮ್ಮ ತಂದೆಯ ತಮ್ಮ ಕಾಕಾ ಒಬ್ಬನೇ! ಹೊಟ್ಟೆಕಿಚ್ಚಿನ ಮಾತು ಎನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ! ನಾನು ಬೀಡಿಯವನು, ಅವನು ಚಿರೂಟಿನವನು. ಅದೂ ಹೆಚ್ಚುಕಡಿಮೆ ಬೀಡಿಯ ಖರ್ಚಿನಲ್ಲೇ.

ಅಂಗಡಿಯ ಚಿರೂಟು ನಮ್ಮಂಥವರಿಗೆ ಎಟುಕುವಂಥದ್ದೇ? ಕಾಕಾ ಅದರ ಗೊಡವೆಗೇ ಹೋಗದೆ ಹಳಿಯಾಳದ ಸಂತೆಯಲ್ಲಿ ಇಡೀ ಎಲೆಯ ತಂಬಾಕು ಕೊಂಡು, ಮನೆಯಲ್ಲೇ ಸುತ್ತುತ್ತಿದ್ದ. ಕೊಳ್ಳುವ ವೈಖರಿ ನೋಡಬೇಕು! ಎಲೆಯನ್ನು ಹೆಬ್ಬೆರಳಿಗೆ ಸುತ್ತಿ ಕಿವಿಗೆ ಹಿಡಿಯುವುದು. ಚಟ್ ಎಂದರೆ ಕೆಳಗಿಡುವುದು, ಸುಮ್ಮನಿದ್ದರೆ ಮೂಸುವುದು. ಹೀಗೇ ಇಡೀ ಅಂಗಡಿ!

“ಕಾಕಾರ, ತಂಬಾಕು ತೊಗೊಳ್ಳಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?” ಎಂದ ಅಂಗಡಿಯ ಸಾಬ.

“ಹೆಣ್ಣು ನೋಡೂ ಮುಂದ ಇಷ್ಟು ನೋಡಿದ್ರ, ನಿಮ್ಮ ಕಾಕಿ ಕೈಯಾಗ ಯಾಕ ಸಿಗ್ತಿದ್ನೋ ಮಾರಾಯಾ!”

ಎಲೆ ಹದಕ್ಕೆ ಬರಲೆಂದು ಬೆಲ್ಲದ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಾಕಿಯ ಸೀರೆಯ ಟ್ರಂಕಿನಲ್ಲಿಡುತ್ತಿದ್ದ. ಮುಂಡಗೋಡದ ಮದುವೆಯೊಂದಕ್ಕೆ ಕಾಕಿ ಆ ಟ್ರಂಕಿನ ಸೀರೆಯುಟ್ಟು ಹೋದಳು. ಅಕ್ಷತೆಯ ಹೊತ್ತಿಗೆ ಮದುಮಗನಿಗೇ ಸೀನು ಹತ್ತಿತು! ಕಾಕಿ ವಾರಗಟ್ಟಲೆ ಮಾತು ಬಿಟ್ಟಳು. “ಛಲೋ ಆತು. ಎಲಿಗೆ ಗದ್ದಲ ಆಗಿಬರೂದಿಲ್ಲ,” ಎಂದ ಕಾಕಾ.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಯುದ್ಧ ಬಂದು, ಹಡಗಿನಲ್ಲಿ ಬರುತ್ತಿದ್ದ ಚಿರೂಟು ನಿಂತಿತು. ನಾನು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನ. ಚಿರೂಟಿಲ್ಲದೆ ಚಡಪಡಿಸುತ್ತಿದ್ದ ನಮ್ಮ ದೊಡ್ಡ ಸಾಹೇಬ, ಎಲ್ಲಿಂದಲೋ ಸುದ್ದಿ ಹತ್ತಿ ಕಾಕಾನನ್ನು ಕರೆಸಿದ. ಒಂದೇ ದಮ್ಮು! ಅಂದಿನಿಂದ ವಾರವಾರವೂ ಸಾಹೇಬನ ಎದುರು ಕಾಕಾನಿಗೊಂದು ಕುರ್ಚಿ! ಆರು ವರ್ಷ ಬರೆದು ಬರೆದು ಬೆರಳು ಸವೆಸಿದ ನಾನು ನಿಂತೇ ಇದ್ದೆ. ಹೊಟ್ಟೆ ಉರಿಯದೆ ತಣ್ಣಗಿರುತ್ತದೆಯೇ?

ನಾನೂ ಸುತ್ತಿದರಾಯಿತು ಎಂದುಕೊಂಡೆ. ಸಂತೆಗೆ ಹೋಗಿ ಕಣ್ಣಿಗೆ ಚೆಂದ ಕಂಡ ಎಲೆ ತಂದೆ. ಅದು ಎಲೆಯಡಿಕೆಗೆ ಚಿಟಿಕೆಯಷ್ಟೇ ಹಾಕಿಕೊಳ್ಳುವ ಖಾರದ ತಂಬಾಕು ಎಂದು ನನಗೇನು ಗೊತ್ತು? ನೀರು ಚಿಮುಕಿಸಲಿಲ್ಲ, ನಡುವಿನ ದಂಟನ್ನೂ ತೆಗೆಯಲಿಲ್ಲ. ಹೇಗೋ ಸುತ್ತಿ, ಗಂಜಿ ಮೆತ್ತಿ, ಕಾಕಾ ಬರುವ ಮೊದಲೇ ಸಾಹೇಬನ ಮೇಜಿನ ಮೇಲಿಟ್ಟೆ. ಅವನು ಮೆಚ್ಚಿದ ಮೇಲೆ ನನ್ನ ಹೆಸರು ಹೇಳೋಣವೆಂದು ಬಾಗಿಲಲ್ಲಿ ಕಾದು ನಿಂತೆ.

ಸಾಹೇಬ ಎಳೆದ. ಕೆಮ್ಮಿದ, ಕೆಂಪಾದ, ಕಿಟಕಿಗೆ ಓಡಿದ! ತಿರುಗಿ ಬಂದವನೇ ಮೇಜು ಗುದ್ದಿ, ಇದನ್ನು ಸುತ್ತಿದವರು ಯಾರು ಎಂದು ಗುಡುಗಿದ. ನನ್ನ ನೌಕರಿ ಹೋಯಿತು ಎಂದುಕೊಂಡೆ.

ಆಗತಾನೇ ಒಳಗೆ ಬಂದ ಕಾಕಾ ಆ ಚಿರೂಟನ್ನು ನೋಡಿದ, ನನ್ನ ಮುಖ ನೋಡಿದ.

“ನಂದ ರೀ ಸಾಹೇಬ್ರ. ಕೈ ತಪ್ಪೇತಿ,” ಎಂದ.

ಚಟ್ ಎಂದ ಎಲೆಯನ್ನು ಮುಟ್ಟದ ಕಾಕಾ, ಆ ಹೊಲಸು ಚಿರೂಟನ್ನು ತನ್ನದೆಂದ!

ಮರುವಾರ ಸಾಹೇಬ ಚಿರೂಟಿಗಾಗಿ ಅವನನ್ನು ಕರೆಸಿದನೇನೋ ನಿಜ, ಆದರೆ ಕುರ್ಚಿ ಇರಲಿಲ್ಲ. ಕಾಕಾ ಬಂದು ನನ್ನ ಪಕ್ಕದಲ್ಲೇ ನಿಂತ. ಮೆಲ್ಲಗೆ ಕೇಳಿದ: “ದಂಟು ತಗದಿರಲಿಲ್ಲ, ಹೌದಿಲ್ಲೋ ಹುಚ್ಚಪ್ಪ? ಐತವಾರ ಮನೀಗೆ ಬಾ, ಕಲಿಸ್ತೇನಿ.”

ನನಗೆ ಅಳು ಬಂತು. ಸಾಹೇಬ ಕೇಳಿದರೆ ಹೊಗೆಯಿಂದ ಎನ್ನೋಣವೆಂದರೆ, ಇನ್ನೂ ಯಾರೂ ಚಿರೂಟು ಹಚ್ಚಿರಲೇ ಇಲ್ಲ.