ಬಸ್ಸು ನಿಲ್ಲಿಸಬೇಡ, ಹನೀಫಾ

ಅಷ್ಟಕ್ಕೂ ಬೆಳುವಾಯಿಯ ಪದ್ಮಯ್ಯನವರು ಮಾಡಿದ ಅಪರಾಧವಾದರೂ ಏನು? ಓಡಿದ್ದು! ಹೋದ ತಿಂಗಳು ಗುರುವಾಯನಕೆರೆಯಿಂದ ಮೂಡಬಿದ್ರೆಗೆ ನಡೆದ ಮ್ಯಾರಥಾನ್ ಓಟದಲ್ಲಿ ಅವರು ವೇಣೂರಿನವರೆಗೆ ವೀರಾಧಿವೀರರಾಗಿಯೇ ಓಡಿದ್ದರು. ಅಷ್ಟರಲ್ಲಿ ಹಿಂದಿನಿಂದ ಬಂತು ಹನೀಫಾ ಕಂಡಕ್ಟರನ ಬಸ್ಸು. ಮರ್ಯಾದಸ್ಥ ಗೃಹಸ್ಥನೊಬ್ಬ ರಸ್ತೆಯಲ್ಲಿ ಓಡಿದರೆ ಅದು ಬಸ್ಸಿಗಾಗಿಯೇ ಎಂದು ನಂಬಿರುವ ಊರು ಅದು. ಓಡುವವರನ್ನು ಬಿಟ್ಟು ಹೋಗುವುದು ಹನೀಫಾನ ಜಾಯಮಾನದಲ್ಲೇ ಇರಲಿಲ್ಲ.

"ಅಯ್ಯೋ ಪದ್ಮಯ್ಯಣ್ಣ, ಈ ಬಿಸಿಲಿಗೆ ಓಡುವುದಾ!" ಎಂದು ರಟ್ಟೆ ಹಿಡಿದು ಒಳಗೆಳೆದು ಸೀಟಿನಲ್ಲಿ ಕೂರಿಸಿಯೇಬಿಟ್ಟ. ಬೇಡ ಎನ್ನಲು ಪದ್ಮಯ್ಯನವರಲ್ಲಿ ಉಸಿರಿರಲಿಲ್ಲ. (ಸೀಟು ಮೆತ್ತಗಿತ್ತು ಎಂಬುದೂ ನಿಜ.) ಮೂಡಬಿದ್ರೆಯಲ್ಲಿ ಮೊದಲು ಬಂದವರೆಂದು ಹಾರ ಹಾಕಿದವರೇ, ವಿಷಯ ತಿಳಿದು, ಹಾರ ಕಿತ್ತುಕೊಂಡರು.

ಸೋತವರು ಸುಮ್ಮನಿರಬೇಕಲ್ಲ? ಪದ್ಮಯ್ಯನವರು ದಿನಾ ಬೆಳಗ್ಗೆ ಓಡತೊಡಗಿದರು. ಹೊಸ ಗುರಿಯೊಂದನ್ನೂ ಘೋಷಿಸಿದರು.

"ಬರುವ ಭಾನುವಾರ ಮನೆಯಿಂದ ಮೂಡಬಿದ್ರೆ ಬಸ್‌ಸ್ಟ್ಯಾಂಡಿಗೆ ಒಂದೇ ಓಟ!"

ಹೆಂಡತಿ ಪೂವಮ್ಮ ಕೊಡಪಾನ ಕುಕ್ಕಿದಳು. "ಹಟ್ಟಿಯಲ್ಲಿ ದನ ಕೂಗ್ತಾ ಉಂಟು. ನೀರು ಸೇದುವುದು ಯಾರು? ನಿಮ್ಮ ಆ ಬಿಳಿ ಶೂವಾ?"

"ಸಾಧನೆ ಅಂದ್ರೆ ನಿನಗೆಂತ ಗೊತ್ತುಂಟು?"

"ಆಯ್ತು, ಓಡಿ. ನಾನು ಹನೀಫಾನ ಬಸ್ಸಿನಲ್ಲಿ ಬಂದು ಕಣ್ಣಾರೆ ನೋಡ್ತೇನೆ. ನಿಮ್ಮ ಕಾಲ ಮೇಲೆಯೇ ಬಂದು ಮುಟ್ಟಿದರೆ ಇನ್ನು ಓಟದ ಬಗ್ಗೆ ಬಾಯಿ ಬಿಡುವುದಿಲ್ಲ. ಇಲ್ಲದಿದ್ದರೆ ಶೂ ಬಚ್ಚಲ ಒಲೆಗೆ, ನೀವು ಬಾವಿಕಟ್ಟೆಗೆ. ಜನ್ಮವಿಡೀ!"

ಪೂವಮ್ಮ ಆಡಿದ್ದನ್ನು ಮಾಡದೆ ಬಿಟ್ಟದ್ದು ಇತಿಹಾಸದಲ್ಲೇ ಇಲ್ಲ. ಅಂದೇ ಸಂಜೆ ಪದ್ಮಯ್ಯನವರು ಹನೀಫಾನನ್ನು ಹಿಡಿದರು.

"ಭಾನುವಾರ ನಾನು ಕೈ ಬೀಸಿದರೂ, ಬೊಬ್ಬೆ ಹೊಡೆದರೂ ಬಸ್ಸು ನಿಲ್ಲಿಸಬೇಡ ಮಾರಾಯ. ನಮ್ಮ ಮನೆಯ ಮಾನ ನಿನ್ನ ಕೈಯಲ್ಲಿ ಉಂಟು."

"ನೀವು ಹೆದರಬೇಡಿ ಅಣ್ಣ, ನಾನು ನೋಡಿಕೊಳ್ತೇನೆ."

ಭಾನುವಾರ ಬಂತು. ಮುಕ್ಕಾಲು ದಾರಿ ಸವೆಯುವಷ್ಟರಲ್ಲಿ ಪದ್ಮಯ್ಯನವರ ಕಾಲು ಮರಗಟ್ಟಿತ್ತು, ಬಾಯಿ ಒಣಗಿತ್ತು. ಹಿಂದೆ ಬಸ್ಸಿನ ಹಾರ್ನ್ ಕೇಳಿಸಿತು. ನಿಲ್ಲಿಸಿದನೋ, ಕೆಟ್ಟೆ! ತಡೆಯಲಾರದೆ ಕೈ ತಾನಾಗಿಯೇ ಮೇಲೆದ್ದಿತು. ಆದರೆ ಬಸ್ಸು ನಿಲ್ಲಲಿಲ್ಲ. ಬಾಗಿಲಲ್ಲಿ ನೇತಾಡುತ್ತಿದ್ದ ಹನೀಫಾ ಹೆಮ್ಮೆಯಿಂದ ಕೂಗಿದ.

"ನಿಲ್ಲಿಸುವುದಿಲ್ಲ ಅಣ್ಣ! ಅಕ್ಕ ಬೆಳುವಾಯಿಯಿಂದ ಓಡಿ ಬರ್ತಾ ಇದ್ದಾರೆ, ಅವರಿಗೂ ನಿಲ್ಲಿಸಲಿಲ್ಲ! ನಿಮ್ಮ ಮನೆಯವರೆಲ್ಲ ಓಡುವುದು ಬಸ್ಸಿಗಲ್ಲ ಅಂತ ನನಗೆ ಗೊತ್ತಿಲ್ಲವಾ?"

ಪದ್ಮಯ್ಯನವರಿಗೆ ತಿರುಗಿ ನೋಡುವ ಧೈರ್ಯ ಸಾಲಲಿಲ್ಲ. ಹಿಂದೆ ದಡದಡ ಹೆಜ್ಜೆ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಓಡಿದರು. ಅಷ್ಟರಲ್ಲಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಂಕುಳಲ್ಲಿ ಕೊಡೆ ಇರುಕಿಸಿ, ಬರಿಗಾಲಲ್ಲಿ ಪೂವಮ್ಮ ಪಕ್ಕದಲ್ಲೇ ದಾಟಿ ಹೋದಳು. "ಓ ಹನೀಫಾ, ನಿಲ್ಲಿಸು! ನಿನ್ನ ಬೆನ್ನು ಮುರೀತೇನೆ, ನಿಲ್ಲಿಸು!" ಗಂಡನನ್ನು ಅವಳು ಕಂಡಂತೆಯೂ ಇರಲಿಲ್ಲ.

ಪದ್ಮಯ್ಯನವರು ಕುಂಟುತ್ತ ಬಸ್‌ಸ್ಟ್ಯಾಂಡ್ ಮುಟ್ಟಿದಾಗ ಪೂವಮ್ಮ ಹೋಟೆಲಿನ ಬೆಂಚಿನಲ್ಲಿ ಕೂತು ಎರಡನೆಯ ಸೋಡಾ ಕುಡಿಯುತ್ತಿದ್ದಳು. ಹನೀಫಾ ಎದುರಿಗೆ ಕೈಮುಗಿದು ನಿಂತಿದ್ದ.

"ಬಂದೆ... ನನ್ನ ಕಾಲ ಮೇಲೆಯೇ ಬಂದೆ. ಗೆದ್ದೆ!" ಎಂದರು ಏದುಸಿರಿನಲ್ಲಿ.

"ಹೌದು, ಗೆದ್ದಿರಿ. ಓಡಬೇಡಿ ಅಂತ ನಾನಿನ್ನು ಹೇಳುವುದಿಲ್ಲ." ಪೂವಮ್ಮ ಪಾದ ಒತ್ತಿಕೊಂಡಳು. "ಆದ್ರೆ ನನ್ನ ಕಾಲು ಎರಡೂ ಬಿದ್ದುಹೋಗಿದೆ. ನಾಳೆಯಿಂದ ನೀರು ನೀವೇ ಸೇದಿ."

"ಎಷ್ಟು ದಿವಸ?"

"ಓಟದಲ್ಲಿ ನನ್ನನ್ನು ಸೋಲಿಸುವವರೆಗೆ."