ಹದಿನೈದು ಗಂಟಿನ ನೂಲು

ನಮ್ಮ ಸೋದರಮಾವ ನಲವತ್ತು ಜನರನ್ನು ಬಿ.ಎ. ಮಾಡಿಸಿದರು, ತಮ್ಮೊಬ್ಬರನ್ನು ಬಿಟ್ಟು! ನಲವತ್ತು ಎಂಬುದು ಅವರ ಲೆಕ್ಕ. ನಾನು ಒಮ್ಮೆ ಬೆರಳು ಮಡಚಿ ಎಣಿಸಿದಾಗ ಅದು ಹದಿನೇಳಕ್ಕೇ ನಿಂತಿತು. ಆದರೆ ಆಗ ನಾನು ಸಿಟ್ಟಿನಲ್ಲಿದ್ದೆ. ಸಿಟ್ಟಿನಲ್ಲಿ ಎಣಿಸಿದವನ ಲೆಕ್ಕವನ್ನು ಯಾರು ನಂಬಬೇಕು? ಆ ಹದಿನೇಳರಲ್ಲಿ ನಾನೂ ಒಬ್ಬ. ಬೇಡವಾಗಿದ್ದ ವಿಷಯ ಓದಿ ಬಿ.ಎ. ಆದವನು. ಮಾಮಾನ ಆ ಉಪಕಾರವನ್ನು ಇಂದಿಗೂ ಮರೆತಿಲ್ಲ. ಮರೆಯಲು ಪ್ರಯತ್ನಿಸಿದ್ದೇನೆ.

ಮಾಮಾ ಬನಹಟ್ಟಿಯ ನೇಕಾರರು. ಮನೆಯ ಮುಂದಿನ ಕೋಣೆಯಲ್ಲಿ ಕುಣಿಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು ಅವರು ಕೂತರೆ ಅದೇ ಮಗ್ಗ, ಅದೇ ಕಚೇರಿ. ಜೂನ್ ಬಂತೆಂದರೆ ಜಮಖಂಡಿ, ಮುಧೋಳ, ಲೋಕಾಪುರದ ಕಡೆಯಿಂದ ಕಾಲೇಜಿಗೆ ಹೊರಟವರೆಲ್ಲ ಏನೂ ತುಂಬದ ಕೋರಾ ಫಾರ್ಮು ಹಿಡಿದು ಬಂದು ಅವರ ಮುಂದೆ ಚಕ್ಕಳಮಕ್ಕಳ ಹಾಕುತ್ತಿದ್ದರು. ಯಾವ ವಿಷಯ ಹಿಡಿಯಬೇಕು, ಯಾವುದನ್ನು ಬಿಡಬಹುದು, ಎಷ್ಟು ದಿನ ಹಾಜರಿದ್ದರೆ ಪರೀಕ್ಷೆಗೆ ಕೂಡಿಸುತ್ತಾರೆ, ಇದನ್ನೆಲ್ಲ ಹೇಳಲು ಕಾಲೇಜಿನಲ್ಲಿ ಯಾರಿಗೆ ಪುರಸೊತ್ತಿತ್ತು? ಅಲ್ಲಿ ಕಿಟಕಿ ತೆರೆಯುತ್ತಿದ್ದುದೇ ಮುಚ್ಚಲಿಕ್ಕೆ!

ಮಾಮಾನ ಬಳಿ ಮುಂಬಯಿಯಲ್ಲಿ ಅಚ್ಚಾದ, ವಿಶ್ವವಿದ್ಯಾಲಯದ ನಿಯಮಗಳ ಒಂದು ದಪ್ಪ ಪುಸ್ತಕವಿತ್ತು. ಐದು ಸೇರು ತೂಗುತ್ತಿತ್ತು ಎಂದು ಬರೆಯಲು ಹೊರಟೆ. ಆದರೆ ಅದು ಪುಸ್ತಕದ ತೂಕವೋ, ನನ್ನ ನೆನಪಿನ ತೂಕವೋ ತಿಳಿಯದು. ಎರಡೂ ಕೈ ಬೇಕಾಗುತ್ತಿತ್ತು ಎಂಬುದಂತೂ ನಿಜ. ಅವರಿಗೆ ಮಾತ್ರ ತೆರೆಯುವ ಅಗತ್ಯವೇ ಇರಲಿಲ್ಲ. ಲಾಳಿ ಎಸೆಯುತ್ತ ಎಸೆಯುತ್ತಲೇ ನಿಯಮದ ನಂಬರು ಹೇಳುತ್ತಿದ್ದರು.

ನನ್ನ ಸರದಿ ಬಂದಾಗ ನಾನೂ ಹೋದೆ. ಅಪ್ಪ ಜಮಖಂಡಿಯಲ್ಲಿ ಸಾಲಿಮಾಸ್ತರರು. ಅವರಿಗೆ ಕಾಲೇಜಿನ ಗಂಧವಿರಲಿಲ್ಲ.

"ಏನ ಓದಬೇಕಂತಿಯೋ ಅಳಿಯಾ?"

"ಕನ್ನಡಾ ರಿ ಮಾಮಾ. ಬಿ.ಎ.ಗೆ ಕನ್ನಡಾ ತಗೋಬೇಕಂತ ಭಾಳ ಆಸೆ ಐತ್ರಿ."

ಆ ಆಸೆಯನ್ನು ಅಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ. ಮಾಮಾ ಲಾಳಿಯನ್ನು ಒಮ್ಮೆ ಎಡಕ್ಕೆ ಕಳಿಸಿದರು, ಒಮ್ಮೆ ಬಲಕ್ಕೆ.

"ತಗೋ, ಬ್ಯಾಡಂದವ್ರ ಯಾರು? ಆದರ ಬಿ.ಎ.ದಾಗ ತಗೋ. ಇಂಟರ್ ತನಕಾ ಅರ್ಧಮಾಗಧಿ ಹಿಡಿ. ಮಾರ್ಕ್ಸ್ ಸುರೀತಾವ. ಆಮ್ಯಾಲ ಕನ್ನಡಕ್ಕ ಹೊಳ್ಳು. ರೂಲಿನ್ಯಾಗ ಐತಿ."

"ಅವು ಹಳೇ ರೂಲಲ್ಲೇನ್ರಿ? ಈಗ ನಮ್ಮ ಕಡಿಗೇ ಬ್ಯಾರೆ ವಿಶ್ವವಿದ್ಯಾಲಯ ಬಂದೈತಂತ."

ಮಾಮಾ ನಕ್ಕರು. "ಹಾಸು ಹಾಕಿದ ಮ್ಯಾಲ ಸೀರಿ ಮುಗಿಯೂ ಮಟಾ ಬಣ್ಣ ಬದಲಾಗತೈತೇನಲೇ? ರೂಲು ಅಂದ್ರ ಹಾಸು. ರಾಜಾ ಹೋಗಲಿ, ಸಂಸ್ಥಾನ ಹೋಗಲಿ, ಅದು ಹಂಗ ಇರತೈತಿ."

ಹಾಸು ಎಂದು ಉದ್ದಕ್ಕೆ ಬಿಗಿದ ಸಾವಿರಾರು ಎಳೆಗಳನ್ನೇ ದಿನವಿಡೀ ನೋಡುತ್ತ ಕೂತ ಮನುಷ್ಯ ಇನ್ನೇನು ಹೇಳಿಯಾನು? ನನಗೂ ಆಗ ಅದು ದೊಡ್ಡ ಜ್ಞಾನದಂತೆ ಕಂಡಿತು. ಈಗ ಬರೆಯುವಾಗ ಹಲ್ಲು ಕಡಿಯುತ್ತಿದ್ದೇನೆ.

ಹೊರಡುವಾಗ ಎಲ್ಲರಿಗೂ ಕೊಡುವಂತೆ ನನಗೂ ಒಂದು ಮೊಳ ನೂಲು ಕೊಟ್ಟರು. ಅದರಲ್ಲಿ ಹದಿನೈದು ಗಂಟು. ಒಂದು ಟರ್ಮಿನಲ್ಲಿ ಅಷ್ಟೇ ದಿನ ಕ್ಲಾಸು ತಪ್ಪಿಸಬಹುದಂತೆ. ಒಂದು ದಿನ ತಪ್ಪಿಸಿದರೆ ಒಂದು ಗಂಟು ಬಿಚ್ಚಬೇಕು.

"ನೂಲು ನುಣ್ಣಗಾದ್ರ ನಿನ್ನ ಟರ್ಮ್ ಹೋದಂಗ. ಜ್ವರಾ ಬಂದ್ರ ಕಂಬಳಿ ಹೊದ್ದಕೊಂಡ ಕ್ಲಾಸಿನಾಗ ಕೂಡು. ಯಾರ ಲಗ್ನಕ್ಕೂ ಹೋಗಬ್ಯಾಡ."

"ಯಾರ ಲಗ್ನಕ್ಕೂ ಅಂದ್ರ ಹೆಂಗ್ರಿ?"

"ಯಾರ ಲಗ್ನಕ್ಕೂ."

ಧಾರವಾಡಕ್ಕೆ ಹೋದ ಮೇಲೂ ಬಿಟ್ಟರೆ? ವಾರಕ್ಕೊಂದು ಕಾರ್ಡು. ಕ್ಷೇಮ ಇಲ್ಲ, ಸಮಾಚಾರ ಇಲ್ಲ. ಒಂದೇ ಸಾಲು: 'ಹಾಜರಿ ಎಷ್ಟಾತು?' ಬೋರ್ಡಿಂಗಿನ ಗೆಳೆಯರು ಅದನ್ನು ಊಟದ ಪಂಕ್ತಿಯಲ್ಲಿ ರಾಗವಾಗಿ ಓದುತ್ತಿದ್ದರು. ನಾನು ಸ್ನಾನಕ್ಕೆ ಹೊರಟರೂ ಹಿಂದಿನಿಂದ ಕೂಗು: "ಹಾಜರಿ ಎಷ್ಟಾತು?"

ಎರಡು ವರ್ಷ ಅರ್ಧಮಾಗಧಿ ಎಂಬ ಆ ಹಳೆಯ ಪ್ರಾಕೃತವನ್ನು ಓದಿದೆ. ಕ್ಲಾಸಿನಲ್ಲಿ ಐದೇ ಜನ. ಪ್ರಾಧ್ಯಾಪಕರು ನಮ್ಮನ್ನು ಕಂಡು ಅಚ್ಚರಿಪಡುತ್ತಿದ್ದರು. ಮಾರ್ಕ್ಸ್ ಸುರಿದವು, ಸುಳ್ಳೇಕೆ ಹೇಳಲಿ? ಆ ಮಾರ್ಕ್ಸ್ ಹಿಡಿದು ಜೂನಿಯರ್ ಬಿ.ಎ.ಗೆ ಕನ್ನಡ ಎಂದು ಫಾರ್ಮು ತುಂಬಿ ಕಿಟಕಿಯಲ್ಲಿ ಕೊಟ್ಟೆ. ಗುಮಾಸ್ತರು ನೋಡಿದರು, ಹಿಂದಕ್ಕೆ ತಳ್ಳಿದರು.

"ಇಂಟರ್‌ದಾಗ ಕನ್ನಡಾ ಇರಲಿಲ್ಲಂದ್ರ ಬಿ.ಎ.ಗೆ ಕೊಡಾಕ ಬರಂಗಿಲ್ಲ ತಮ್ಮಾ."

"ರೂಲಿನ್ಯಾಗ ಐತ್ರಿ." ನಂಬರನ್ನೂ ಹೇಳಿದೆ!

"ಅದು ಮುಂಬೈ ರೂಲು. ಹೋಗಿ ಮುಂಬೈದಾಗ ಓದು."

ಕಿಟಕಿ ಮುಚ್ಚಿತು. ಮತ್ತೆ ಇಂಟರ್‌ಗೆ ಕೂಡಲು ಒಂದು ವರ್ಷ ಬೇಕು. ಮಾಸ್ತರನ ಮಗನಿಗೆ ಆ ವರ್ಷವನ್ನು ಯಾರು ಕೊಡುತ್ತಾರೆ? ಅರ್ಥಶಾಸ್ತ್ರ ಎಂದು ಬರೆದುಕೊಟ್ಟೆ. ಆ ಶಬ್ದ ಬರೆಯುವಾಗ ಕೈ ನಡುಗಿತೆಂದು ದಿನಚರಿಯಲ್ಲಿದೆ. ದಿನಚರಿ ಬರೆಯುವವರ ಕೈ ಇಂಥ ಕಡೆ ನಡುಗಿಯೇ ನಡುಗುತ್ತದೆ. ಓದುಗರು ಬೇಕಾದರೆ ನಂಬಬಹುದು.

ಅಲ್ಲಿಂದ ನೆಟ್ಟಗೆ ಬನಹಟ್ಟಿಗೆ ಹೋದೆ. ಮಗ್ಗದ ಮುಂದೆ ಬಾಡಗಂಡಿಯ ಒಬ್ಬ ಗೌಡರು ಮಗನನ್ನು ಕೂರಿಸಿಕೊಂಡಿದ್ದರು. ನಡುವೆ ಕಾಣಿಕೆಯಾಗಿ ಒಂದು ಬೆಲ್ಲದ ಪೆಂಟಿ.

"ಯಾವ ಇಷಯಾ ತಗೊಂಡ್ರ ಮಾಮಲೇದಾರ ಆಗ್ತಾನ್ರೀ?"

"ಮೊದಲ ಅರ್ಧಮಾಗಧಿ ತಗೊಳ್ಳಲಿ."

"ಅರ್ಧಾ ಯಾಕ್ರಿ? ನನ್ನ ಮಗಾ ಪೂರಾ ಓದ್ತಾನ."

"ಅದು ಭಾಷಾ ರೀ ಗೌಡ್ರ."

"ಯಾವ ಊರಾಗ ಮಾತಾಡ್ತಾರ್ರಿ?"

"ಎಲ್ಲೂ ಇಲ್ಲ. ಅದಕ್ಕ ಛಲೋ ಅನ್ನೂದು. ಮಾತಾಡವ್ರ ಇಲ್ಲಂದ್ರ ತಪ್ಪ ಹಿಡಿಯವ್ರು ಯಾರು?"

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಂದು ಬಾಗಿಲಲ್ಲೇ ನಿಂತು ಕೂಗಿದೆ.

"ಇವರ ಮಾತ ಕೇಳಬ್ಯಾಡ್ರಿ ಗೌಡ್ರ! ನನಗ ಕನ್ನಡಾ ಸಿಗಲಿಲ್ಲ, ಇವರಿಂದ! ಬಿ.ಎ. ನಾಪಾಸಾದವ್ರು ಇವರು. ತಮಗ ಸಿಗದ್ದು ಯಾರಿಗೂ ಸಿಗಬಾರದಂತ ಇಲ್ಲಿ ಕುಣ್ಯಾಗ ಕೂತಾರ!"

ಕಿಸೆಯಿಂದ ನೂಲು ತೆಗೆದು ಕುಣಿಗೆ ಎಸೆದೆ. ಆ ದಿನದ ದಿನಚರಿಯಲ್ಲಿ 'ಮಾಮಾನಿಗೆ ಸತ್ಯ ಹೇಳಿದೆ' ಎಂದು ಒಂದೇ ಸಾಲಿದೆ. ಮಾಮಾನ ಮುಖ ಹೇಗಾಯಿತೆಂದು ಬರೆದಿಲ್ಲ. ನೆನಪಿಗೆ ಕೇಳಿದರೆ ಅದೂ ಮುಖ ತೋರಿಸುವುದಿಲ್ಲ. ಹಾಸಿನ ನಡುವೆ ನಿಂತುಬಿಟ್ಟ ಲಾಳಿಯನ್ನಷ್ಟೇ ತೋರಿಸುತ್ತದೆ. ಗೌಡರು ಬೆಲ್ಲದ ಪೆಂಟಿಯನ್ನು ಒಯ್ಯಬೇಕೋ ಬಿಡಬೇಕೋ ತಿಳಿಯದೆ ಒಮ್ಮೆ ಎತ್ತಿದರು, ಒಮ್ಮೆ ಇಟ್ಟರು. ಕೊನೆಗೆ ಒಯ್ದರು.

ಜಮಖಂಡಿಗೆ ಬಂದು ಅವ್ವನೆದುರು ಶೂರನಂತೆ ಎಲ್ಲ ಹೇಳಿದೆ. ಅವ್ವ ನನ್ನ ತಂಗಿಗೆ ಜಡೆ ಹಾಕುತ್ತಿದ್ದವಳು ಹಾಗೇ ಕೈ ನಿಲ್ಲಿಸಿದಳು.

"ನಾಪಾಸಂತ ಯಾರು ಹೇಳಿದ್ರು ನಿನಗ?"

"ಎಲ್ಲಾರೂ ಅಂತಾರ."

"ಅನ್ನಲಿ ಅಂತ ಅಂವ ಬಿಟ್ಟಾನ. ಪರೀಕ್ಷಾಕ್ಕ ಕೂಡಿಸಿದ್ದರ ನಾಪಾಸ ಆಗೂದು! ಸಾಂಗ್ಲಿಯೊಳಗ ಕಡೀ ವರ್ಷ ಓದತಿದ್ದ. ನನ್ನ ಲಗ್ನ ಬಂತು. ಮನಿ ಮಗಳಿಗೆ ಮನಿ ಮಗ್ಗದ ಸೀರೀನ ಉಡಸಬೇಕಲಾ ನಮ್ಮಾಗ? ಸೀರಿ ಅರ್ಧಾ ನೇಯ್ದಿತ್ತು, ನಮ್ಮಪ್ಪ ಬಿದ್ದು ಬಲಗೈ ಮುರಕೊಂಡ. ಬ್ಯಾರೇದವ್ರ ಕೈಲೆ ನೇಯಿಸಿದ್ರಾತು ಅಂದ್ರ ಅಣ್ಣಾ ಕೇಳಲಿಲ್ಲ. ಓಡಿ ಬಂದ, ಹನ್ನೆರಡ ದಿನಾ ಕೂತು ಮುಗಿಸಿದ. ಲಗ್ನಾ ಮುಗಿಸಿ, ಮತ್ತ ಐದಾರ ದಿನಾ ಕಳದು ಹೊಳ್ಳಿ ಹೋಗೂದ್ರಾಗ ಹಾಜರಿ ಕಡಿಮಿ ಬಿತ್ತಂತ. ಇಷ್ಟ ದಿನಾ ಅಂತ ಲೆಕ್ಕ ಇರತೈತಂತ ಅವಗ ಯಾರೂ ಹೇಳಿರಲಿಲ್ಲೋ."

"ಮುಂದಿನ ವರ್ಷ ಕೂಡಬೇಕಿತ್ತಲಾ?"

"ಅಪ್ಪನ ಕೈ ಕೂಡಲಿಲ್ಲ." ಅವ್ವ ಮತ್ತೆ ಜಡೆ ಹೆಣೆಯತೊಡಗಿದಳು. "ಕುಣ್ಯಾಗ ಇಳದಾಂವ ಇಳದಾಂವ ಆದ."

ಅಂದರೆ ಮಾಮಾನ ಪದವಿ ಹೋದದ್ದು ನನ್ನ ಅವ್ವನ ಮದುವೆಯಲ್ಲಿ. ಆ ಮದುವೆಯಿಂದ ಹುಟ್ಟಿದ ನಾನು ಹೋಗಿ ಅವರ ಎದುರಿಗೆ ನಿಂತು, ಅವರಿಂದ ನನ್ನ ಪದವಿ ಕೆಟ್ಟಿತೆಂದು ಕೂಗಿ ಬಂದಿದ್ದೆ! ಸಿಟ್ಟು ಇಳಿಯಿತೆಂದು ಬರೆದರೆ ಸುಳ್ಳಾಗುತ್ತದೆ. ಕನ್ನಡ ಹೋದದ್ದು ಹೋದದ್ದೇ. ಆದರೆ ಆ ಸಿಟ್ಟನ್ನು ಯಾರ ಮೇಲೆ ಇಡಬೇಕೋ ತಿಳಿಯದಾಯಿತು.

ಟರ್ಮು ಸುರುವಾಯಿತು. ಒಂದು ವಾರ, ಎರಡು ವಾರ, ನಾಲ್ಕು ವಾರ, ಕಾರ್ಡು ಬರಲಿಲ್ಲ. "ಏನಪಾ, ನಿಮ್ಮ ಮಾಮಾನ ಹಾಜರಿ ಕಡಿಮಿ ಬಿತ್ತು!" ಎಂದು ಗೆಳೆಯರು ನಕ್ಕರು. ನಾನು ಅಂಗಡಿಯಿಂದ ಒಂದು ಉಂಡೆ ನೂಲು ತಂದು, ಒಂದು ಮೊಳ ಹರಿದು, ಕೂತು ಹದಿನೈದು ಗಂಟು ಹಾಕಿದೆ. ಮರುದಿನ ಬಸ್ಸು ಹತ್ತಿದೆ.

ಮಾಮಾ ನೇಯುತ್ತಿದ್ದರು. ಎದುರಿಗೆ ಯಾರೂ ಇರಲಿಲ್ಲ. ತಲೆ ಎತ್ತಿ ನೋಡಿದರು.

"ಇವತ್ತ ಬುಧವಾರ. ಕಾಲೇಜಿಗೆ ಸೂಟಿ ಐತೇನು?"

"ಇಲ್ರಿ."

"ಮತ್ತ ಇಲ್ಲಿ ಯಾಕ ಬಂದಿ?"

ನಾನು ನೂಲನ್ನು ಮುಂದೆ ಹಿಡಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಮುಖ ಕಿವಿಚಿದರು.

"ಯಾವ ಹುಚ್ಚ ಹಾಕ್ಯಾನೋ ಈ ಗಂಟು? ಜಗ್ಗಿದ್ರ ತಾನ ಬಿಚ್ಚತಾವ."

"ನಾನ ಹಾಕೇನ್ರಿ ಮಾಮಾ."

"ಮಾಸ್ತರನ ಮಗಾ!"

ಅಷ್ಟೂ ಗಂಟುಗಳನ್ನು ಉಗುರಿನಿಂದ ಬಿಚ್ಚಿದರು. ಮತ್ತೆ ಒಂದೊಂದಾಗಿ, ಕಣ್ಣಿಗೆ ಕಾಣುವುದರೊಳಗೆ ಬಿದ್ದುಬಿಡುವ ನೇಕಾರರ ಗಂಟು ಹಾಕತೊಡಗಿದರು. ಹದಿಮೂರಕ್ಕೆ ಕೈ ನಿಲ್ಲಿಸಿದರು.

"ಬರಾಕ ಒಂದು, ಹೋಗಾಕ ಒಂದು. ಹೋದುವು. ಇನ್ನ ಹದಿಮೂರ ಅದಾವ. ಉಂಡು ಹೋಗು."

ನೂಲನ್ನು ನನ್ನ ಅಂಗೈಯಲ್ಲಿಟ್ಟರು. ಲಾಳಿ ಎತ್ತಿಕೊಂಡವರು ಎಸೆಯದೆ ಒಂದು ಕ್ಷಣ ಹಿಡಿದುಕೊಂಡೇ ಕೂತರು.

"ಯಾರ ಲಗ್ನಕ್ಕೂ ಹೋಗಬ್ಯಾಡ," ಎಂದರು. "ತಂಗಿ ಲಗ್ನ ಬಂದ್ರ ಹೋಗು. ಅದಕ್ಕ ಗಂಟ ಎಣಸಬ್ಯಾಡ."